ನೂರ ಹನ್ನೆರಡನೆಯ ಪುಟ

ನೂರ ಹನ್ನೆರಡನೆಯ ಪುಟವನ್ನು ನಾಲ್ಕನೆಯ ಸಲ ಓದಿ ಮುಗಿಸಿದ ಮೇಷ್ಟ್ರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಬೆಳಗಿನ ಹನ್ನೊಂದು ಗಂಟೆ. ಮನೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಆದರೂ ಬಾಗಿಲು ಹಾಕಬೇಕೆನಿಸಿತು.

ಅದು ಒಬ್ಬ ಸಂಶೋಧಕಿಯ ಡಾಕ್ಟರೇಟ್ ಪ್ರಬಂಧ. ನೂರು ವರ್ಷ ಹಳೆಯ ಕಾದಂಬರಿಯೊಂದರ ತ್ರಿಕೋನ ಪ್ರೇಮವನ್ನು ಟೀವಿಯ ಮಾಯಾಲೋಕದ ಧಾರಾವಾಹಿಯೊಂದರ ತ್ರಿಕೋನ ಪ್ರೇಮದ ಪಕ್ಕದಲ್ಲಿಟ್ಟು ನೋಡಿದ್ದಳು. ಆ ಕಾದಂಬರಿಯ ವಿಷಯದಲ್ಲಿ ಮೇಷ್ಟ್ರದ್ದು ಎತ್ತಿದ ಕೈ. ಅದರ ಮೇಲೆ ಯಾರೇ ಬರೆದರೂ ಪ್ರಬಂಧ ಕೊನೆಗೆ ಬಂದು ಬೀಳುವುದು ಇವರ ಮೇಜಿನ ಮೇಲೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾರುವ ಕುದುರೆಗಳ ಧಾರಾವಾಹಿ ಎಂದು ಕಂಡ ಕೂಡಲೇ ಮೂಗು ಮುರಿದು ವಾಪಸು ಕಳಿಸಲು ಹೊರಟಿದ್ದರು. ಹೆಂಡತಿಯೇ ತಡೆದಳು. ಪಾಪ, ಹುಡುಗಿ ಎಷ್ಟು ವರ್ಷ ಕಣ್ಣು ಹಾಳು ಮಾಡಿಕೊಂಡಿದ್ದಾಳೋ, ಒಮ್ಮೆ ಓದಿ ನೋಡಿ ಎಂದಳು. ಮಕ್ಕಳಿಲ್ಲದ ಅವಳಿಗೆ ಓದುವ ಹುಡುಗರೆಂದರೆ ಕರುಳು. ಹೊತ್ತು ಹೋಗಲೆಂದು ಅಂಥವರ ಬರವಣಿಗೆಯನ್ನು ಬೆರಳಚ್ಚು ಮಾಡಿಕೊಡುತ್ತಲೂ ಇದ್ದಳು. ಮೇಷ್ಟ್ರು ಒಲ್ಲದ ಮನಸ್ಸಿನಿಂದ ಓದತೊಡಗಿದ್ದರು.

ಕೆಲಸ ಅಚ್ಚುಕಟ್ಟಾಗಿತ್ತು. ಕಾದಂಬರಿಯಲ್ಲಿ ಇಬ್ಬರು ಗೆಳೆಯರು ಒಬ್ಬಳನ್ನೇ ಪ್ರೀತಿಸುತ್ತಾರೆ. ಒಬ್ಬ ಬಾವಿಗೆ ಬೀಳುತ್ತಾನೆ, ಇನ್ನೊಬ್ಬ ಹಗ್ಗ ಹಾಕಿ ಎಳೆಯುವಾಗ ಹಗ್ಗ ಜಾರುತ್ತದೆ. ಧಾರಾವಾಹಿಯಲ್ಲಿ ಇಬ್ಬರು ರಾಜಕುಮಾರರು, ಒಬ್ಬ ರಾಣಿ, ಕೋಟೆಯ ಗೋಡೆಯ ಮೇಲಿಂದ ಜಾರುವ ಸರಪಳಿ. ಎರಡರಲ್ಲೂ ಉಳಿದವನೇ ಅವಳನ್ನು ಮದುವೆಯಾಗುತ್ತಾನೆ. ಟೀವಿಯಲ್ಲಿ ಸತ್ತವನು ದೆವ್ವವಾಗಿ ಬಂದು ಪ್ರತಿ ಕಂತಿನಲ್ಲೂ ಸಿಂಹಾಸನದ ಹಿಂದೆ ನಿಲ್ಲುತ್ತಾನೆ. ಕಾದಂಬರಿಯಲ್ಲಿ ಅವನು ಬರುವುದಿಲ್ಲ, ಬರುವ ಅಗತ್ಯವೂ ಇಲ್ಲ. ಗಂಡಹೆಂಡಿರ ನಡುವೆ ಮಾತು ನಿಂತಾಗಲೆಲ್ಲ ಅಲ್ಲಿರುವವನು ಅವನೇ ಎಂದು ಹುಡುಗಿ ಬರೆದಿದ್ದಳು. ಮೇಷ್ಟ್ರು ಅಲ್ಲಿ ಪೆನ್ಸಿಲಿನಲ್ಲಿ ‘ಚೆನ್ನಾಗಿದೆ’ ಎಂದು ಗುರುತು ಹಾಕಿದ್ದರು.

ಮರುಪುಟವೇ ನೂರ ಹನ್ನೆರಡು. ಅಲ್ಲಿ ಹೀಗಿತ್ತು: ‘ಒದ್ದೆ ಹಗ್ಗ ಒಂದು ಆಳಿನ ಭಾರಕ್ಕೆ ಜಾರಿದರೆ ಹಿಡಿದವನ ಅಂಗೈ ಚರ್ಮ ಕಿತ್ತು ಬರುತ್ತದೆ. ಆ ಸಂಜೆ ಅವನ ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ. ಹಗ್ಗ ಜಾರಿದ್ದಲ್ಲ.’

ಅಂಗೈಯ ಮಾತು ಕಾದಂಬರಿಯಲ್ಲಿ ಎಲ್ಲೂ ಇಲ್ಲ. ಮೇಷ್ಟ್ರಿಗೆ ಅದು ಬಾಯಿಪಾಠ. ಧಾರಾವಾಹಿಯಲ್ಲಂತೂ ಹಗ್ಗವೇ ಇಲ್ಲ.

ಹಗ್ಗ ಇದ್ದದ್ದು ಮೂವತ್ತಾರು ವರ್ಷಗಳ ಹಿಂದೆ, ಊರಾಚೆಯ ಪಾಳುಬಿದ್ದ ಕಲ್ಲುಗಣಿಯಲ್ಲಿ. ನೀರು ತುಂಬಿದ ಹೊಂಡ, ಕಡಿದಾದ ಗೋಡೆ. ಮೇಲೆ ಬರಲು ಹಗ್ಗವೇ ಗತಿ. ಈಜಲು ಹೋದವರು ಇಬ್ಬರು, ಮನೆಗೆ ಬಂದವರು ಒಬ್ಬರು. ಹಗ್ಗ ಕೈ ಜಾರಿತು ಎಂದು ಮೇಷ್ಟ್ರು ಹೇಳಿದರು, ಎಲ್ಲರೂ ನಂಬಿದರು. ಮರುವರ್ಷ ಗೆಳೆಯನಿಗೆ ನಿಶ್ಚಯವಾಗಿದ್ದ ಹುಡುಗಿಯನ್ನು ಇವರೇ ಮದುವೆಯಾದಾಗ, ಎಂಥ ದೊಡ್ಡ ಮನಸ್ಸು ಎಂದು ಊರೇ ಹೊಗಳಿತು. ಅಂದಿನಿಂದ ಮನೆಯಲ್ಲಿ ಗಂಡನಾಗಲಿ ಹೆಂಡತಿಯಾಗಲಿ ಅವನ ಹೆಸರೆತ್ತಿದವರಲ್ಲ. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿದರೆ ಮೇಷ್ಟ್ರು ಇಂದಿಗೂ ಎದ್ದು ಹೋಗಿ ನಲ್ಲಿ ನಿಲ್ಲಿಸಿಬಿಡುತ್ತಿದ್ದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ಅಂಗೈ ನೋಡಿಕೊಂಡರು. ಆ ಸಂಜೆ ತಮ್ಮ ಕೈ ಹಿಡಿದು ಅತ್ತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನಪಿಸಿಕೊಂಡರು. ಗೆಳೆಯನ ತಾಯಿ ಈಗಿಲ್ಲ. ತಂದೆಯೂ ಇಲ್ಲ. ತಂಗಿ ಒಬ್ಬಳಿದ್ದಳು, ಮದುವೆಯಾಗಿ ದೂರ ಹೋದವಳು. ಅವಳಿಗೊಬ್ಬ ಮಗಳಿದ್ದರೆ ಈಗ ಡಾಕ್ಟರೇಟ್ ಮಾಡುವ ವಯಸ್ಸೇ. ಅಲ್ಲಿಗೆ ತಾಳೆಯಾಯಿತು.

ಹೆಸರು ಹೋದರೆ ಹೋಗಲಿ ಎನ್ನುವ ವಯಸ್ಸು ಅವರದು. ಇದ್ದ ಭಯ ಒಂದೇ: ಹೆಂಡತಿಗೆ ತಿಳಿಯುವುದು. ಅವಳು ತಮಗೆ ಬೇಕೆಂದೇ ಅವರು ಮಾಡಿದ ಕೆಲಸ ಅದು, ಅವಳು ಇಂದಿಗೂ ಅಷ್ಟೇ ಬೇಕಾಗಿದ್ದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಪ್ರಬಂಧ ಹೇಗಿದೆ ಎಂದು ಅವಳು ವಿಚಾರಿಸಿದಳು. ಪರವಾಗಿಲ್ಲ ಎಂದರು.

“ಪೂರ್ತಿ ಓದಿ,” ಎಂದಳು ಲೋಟಕ್ಕೆ ನೀರು ಹಾಕುತ್ತ. “ನಿಮ್ಮದು ಅರ್ಧಕ್ಕೇ ಕೈಬಿಡೋ ಬುದ್ಧಿ.”

ಮುಂದಿನ ವಾರ ಮೌಖಿಕ ಪರೀಕ್ಷೆ. ಉದ್ದನೆಯ ಮೇಜು, ಗೋಡೆಯ ಮೇಲೆ ತೀರಿಕೊಂಡ ಪ್ರಾಧ್ಯಾಪಕರ ಸಾಲು ಚಿತ್ರಗಳು. ಹುಡುಗಿಯನ್ನು ಕಂಡ ಕೂಡಲೇ ಮೇಷ್ಟ್ರಿಗೆ ಗೆಳೆಯನ ಗಲ್ಲವೇ ಅನಿಸಿತು. ಕೇಳಿದ್ದಕ್ಕೆಲ್ಲ ಅವಳು ಅರಳು ಹುರಿದ ಹಾಗೆ ಉತ್ತರ ಕೊಟ್ಟಳು. ನೂರ ಹನ್ನೆರಡನೆಯ ಪುಟಕ್ಕೆ ಆಧಾರವೇನು ಎಂದು ಮೇಷ್ಟ್ರು ಕೇಳಿದಾಗ ಮಾತ್ರ ತಡವರಿಸಿದಳು.

“ಅದನ್ನ ಆಮೇಲೆ ನಿಮಗೊಬ್ಬರಿಗೇ ಹೇಳ್ತೀನಿ ಸರ್.”

ಉಳಿದವರು ನಕ್ಕರು. ಮೇಷ್ಟ್ರು ಪದವಿಗೆ ಶಿಫಾರಸು ಮಾಡಿ ಸಹಿ ಹಾಕಿದರು.

ಎಲ್ಲರೂ ಹೋದ ಮೇಲೆ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕೆಂದಿದ್ದರು. ಬಾಯಿಂದ ಬಂದದ್ದು ಬೇರೆ.

“ನಿಮ್ಮಮ್ಮ ಹೇಳಿದ್ದು ನಿಜ ಕಣಮ್ಮ. ಹಗ್ಗ ಜಾರಲಿಲ್ಲ, ನಾನೇ ಬಿಟ್ಟೆ. ಬೇಕಾದ್ರೆ ಊರಿಗೆಲ್ಲ ಹೇಳು. ನನ್ನ ಹೆಂಡತಿಗೆ ಮಾತ್ರ ಹೇಳ್ಬೇಡ.”

ಹುಡುಗಿ ಏನೊಂದೂ ಅರ್ಥವಾಗದೆ ಅವರ ಮುಖವನ್ನೇ ನೋಡಿದಳು. ತನ್ನ ತಾಯಿಗೂ ಈ ಪ್ರಬಂಧಕ್ಕೂ ಯಾವ ಸಂಬಂಧವೂ ಇಲ್ಲವೆಂದಳು. ನೀವಾಗಿಯೇ ಕೇಳುವವರೆಗೆ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಈಗ ಕೇಳಿದ್ದರಿಂದ ಹೇಳುತ್ತೇನೆ ಎಂದು ದನಿ ತಗ್ಗಿಸಿದಳು.

“ಆ ಪುಟ ನಾನು ಬರೆದದ್ದಲ್ಲ ಸರ್, ಟೈಪ್ ಮಾಡಿಕೊಡುವಾಗ ನಿಮ್ಮ ಮನೆಯವರೇ ಸೇರಿಸಿದ್ದು.”