ಮೂರು ತುಂಡಿನ ಮರ

"ಒಂದ್ಸಲ ಬಣ್ಣ ಎಬ್ಬಿಸಿದ್ರೆ ಮುಗೀತು, ಮತ್ತೆ ಅಂಟಿಸೋಕೆ ಆಗಲ್ಲ ಪುಟ್ಟಾ. ಇನ್ನೊಂದ್ಸಲ ಯೋಚನೆ ಮಾಡು," ಎಂದು ಪೇಂಟರ್ ಬಿಸಿಗಾಳಿ ಊದುವ ಹೀಟ್ ಗನ್ನನ್ನು ಕೆಳಗಿಟ್ಟ. ಕಾರುಗಳಿಗೆ ಬಣ್ಣ ಹೊಡೆಯುವ ಅವನ ಶೆಡ್ಡಿನಲ್ಲಿ, ಮೇಜಿಗೆ ಹಾಸಿದ್ದ ಹಳೆಯ ಟವೆಲಿನ ಮೇಲೆ, ಎಲೆಕ್ಟ್ರಿಕ್ ಗಿಟಾರಿನ ಬರೀ ಒಡಲು ಮಲಗಿತ್ತು. ತಂತಿ, ಕತ್ತು, ತಿರುಪುಗಳೆಲ್ಲ ಆಗಲೇ ಬಿಚ್ಚಿ ಡಬ್ಬಿ ಸೇರಿದ್ದವು.

"ಯೋಚನೆ ಮಾಡೇ ತಂದಿದ್ದು ಅಂಕಲ್. ನುಡಿಸಿದಾಗಲೆಲ್ಲ ನೀಲಿ ಚಕ್ಕೆ ಎದ್ದು ಕೈಗೆ ಅಂಟ್ಕೊಳ್ಳುತ್ತೆ. ಸ್ಟೇಜ್ ಮೇಲೆ ನಾನು ಗಿಟಾರ್ ನುಡಿಸ್ಲಾ, ಮೈ ಕೊಡವ್ಕೊಳ್ಲಾ?"

ಹುಡುಗಿ ಅವನ ಹೆಂಡತಿಯ ಮಗಳು. ಗಿಟಾರು ಅವಳ ತೀರಿಹೋದ ಅಪ್ಪನದು. ಆ ಮನುಷ್ಯನನ್ನು ಪೇಂಟರ್ ಕಣ್ಣಿಂದ ಕಂಡವನಲ್ಲ, ಆದರೆ ಒಂದೇ ಸೂರಿನಡಿ ಅವನ ಜೊತೆ ಬಾಳುತ್ತಿದ್ದ. ಅಪ್ಪ ಹೀಗೆ ನಗಿಸುತ್ತಿದ್ದರು, ಅಪ್ಪ ಹಾಗೆ ಹಾಡುತ್ತಿದ್ದರು ಎಂದು ಊಟಕ್ಕೆ ಕೂತಾಗಲೆಲ್ಲ ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿತ್ತು. ಬದುಕಿರುವವನು ದಿನಕ್ಕೊಂದು ಎಡವಟ್ಟು ಮಾಡುತ್ತಾನೆ. ಸತ್ತವನು ಏನೂ ಮಾಡುವುದಿಲ್ಲ. ಅಂಥವನ ಜೊತೆ ಕುಸ್ತಿಗಿಳಿದರೆ ಮಣ್ಣು ಮುಕ್ಕುವುದು ತಾನೇ ಎಂದು ಮದುವೆಯಾದ ಹೊಸದರಲ್ಲೇ ಅರಿತು ಸುಮ್ಮನಾಗಿದ್ದ.

ಬಿಸಿಗಾಳಿ ತಾಗಿದ್ದೇ ನೀಲಿ ಬಣ್ಣ ಹಪ್ಪಳದಂತೆ ಉಬ್ಬಿತು. ಅವನು ಬಿಸಿ ಹಿಡಿದು ಮುಂದೆ ಸಾಗಿದಂತೆ ಹುಡುಗಿ ಹಿಂದಿನಿಂದ ತಗಡಿನ ಪಟ್ಟಿಯಲ್ಲಿ ಕೆರೆಯುತ್ತ ಬಂದಳು. ಕೈ ಕೆಲಸಕ್ಕೆ ಹತ್ತಿದಂತೆ ಬಾಯಿಯೂ ಬಿಚ್ಚಿತು. "ಇದು ಒಂದೇ ಅಖಂಡ ಮರದಲ್ಲಿ ಕೊರೆದಿದ್ದಂತೆ ಅಂಕಲ್. ಅಪ್ಪ ಯಾರೇ ಮನೆಗೆ ಬಂದ್ರೂ ಅದನ್ನೇ ಹೇಳೋರು. ಅದಕ್ಕೇ ಅಂಥಾ ನಾದ ಅಂತ. ನೋಡ್ತಾ ಇರಿ, ಒಳಗೆ ಎಂಥಾ ಗೆರೆ ಇರುತ್ತೆ ಅಂತ."

ನೀಲಿ ಹೋಗಿ ಅಡಿಬಣ್ಣದ ಬಿಳಿ ಬಂತು. ಬಿಳಿಯನ್ನು ಉಪ್ಪುಕಾಗದದಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಮರ ಬಂತು. ಹುಡುಗಿಯ ಕೈ ಅಲ್ಲೇ ನಿಂತಿತು. ಒಂದಲ್ಲ, ಮೂರು ಮರ. ನಡುವಿನದು ಪೇಲವ ಹಳದಿ, ಆಚೀಚೆಯವು ಒಂದಕ್ಕೊಂದು ಸಂಬಂಧವಿಲ್ಲದ ಕಂದು. ಮೂಲೆಯಲ್ಲಿ ಗಂಟೊಂದು ಬಿದ್ದುಹೋದ ಕಡೆ ಪುಟ್ಟಿ ಮೆತ್ತಿ ಮುಚ್ಚಿದ್ದರು.

ಪೇಂಟರನ ಎದೆಯೊಳಗೆ ಒಂದು ಬೆಕ್ಕು ಮೆಲ್ಲಗೆ ಮೈಮುರಿದು ಎದ್ದಿತು. ಅಂತೂ ಆ ಮಹಾಶಯನೂ ಮಾತಿನಲ್ಲಿ ಮಂಟಪ ಕಟ್ಟುವವನೇ! ಹೇಳಿಬಿಡಬೇಕು ಎಂದು ತಲೆ ಎತ್ತಿದವನಿಗೆ ಹುಡುಗಿಯ ಮುಖ ಕಂಡಿತು. ಕೆಳತುಟಿಯನ್ನು ಕಚ್ಚಿ ಹಿಡಿದಿದ್ದಳು.

"ಅಪ್ಪ ಸುಳ್ಳು ಹೇಳ್ತಿದ್ರಾ ಅಂಕಲ್?"

ಪೇಂಟರ್ ಬೆಕ್ಕನ್ನು ಒಳಗೇ ಅದುಮಿದ. "ಇಲ್ಲ ಕಣೇ. ಮಾರಿದವನು ಹೇಳಿದ್ದನ್ನ ನಂಬಿದಾರೆ. ಬಣ್ಣ ಇದ್ದಾಗ ನಾನೂ ನಂಬ್ತಿದ್ದೆ. ನಂಬಿ ಹೇಳೋ ಮಾತು ಸುಳ್ಳಾಗಲ್ಲ." ಆಮೇಲೆ ಮರದ ಮೇಲಿನ ಹುಡಿಯನ್ನು ಊದುತ್ತ ಕೇಳಿದ: "ಅವರು ನುಡಿಸಿದ್ರೆ ಹೇಗಿರ್ತಿತ್ತು?"

"ಅಮ್ಮ ಒಲೆ ಆರಿಸಿ ಬಂದು ನಿಂತ್ಕೊಂಡು ಕೇಳೋರು."

"ಮತ್ತೆ? ಒಳ್ಳೇ ಮರದಲ್ಲಿ ಯಾರು ಬೇಕಾದ್ರೂ ನಾದ ತೆಗೀತಾರೆ. ಇಂಥದ್ರಲ್ಲಿ ತೆಗೆದ್ರಲ್ಲ, ಅದು ಕೈ." ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಮಾತು ಬಾಯಿಂದ ಬಂದದ್ದಕ್ಕಲ್ಲ, ಬರುವಾಗ ನೋಯದೇ ಇದ್ದದ್ದಕ್ಕೆ. "ಈಗೇನು, ಗಟ್ಟಿ ನೀಲಿನೇ ಹೊಡೆದುಬಿಡ್ತೀನಿ. ಒಂದು ಸಂದೂ ಕಾಣಲ್ಲ."

ಹುಡುಗಿ ಮರ ಮರ ಅಂಟಿದ ಗೆರೆಯುದ್ದಕ್ಕೂ ಬೆರಳೆಳೆದಳು. "ಇದು ಬಿಟ್ಟುಕೊಳ್ಳುತ್ತಾ?"

"ಮರ ಸೀಳಬಹುದು. ಅಂಟು ಬಿಡಲ್ಲ."

"ಹಾಗಿದ್ರೆ ಕಾಣ್ಲಿ ಬಿಡಿ. ಬಣ್ಣ ಬೇಡ, ಬರೀ ಹೊಳಪು ಸಾಕು."

ಮರುದಿನದಿಂದ ಮೆರುಗೆಣ್ಣೆಯ ಕೆಲಸ. ಸೂರಿನ ಕೊಕ್ಕೆಗೆ ತಂತಿ ಕಟ್ಟಿ ಗಿಟಾರನ್ನು ತೂಗುಹಾಕಿ, ಉಸಿರು ಬಿಗಿಹಿಡಿದು, ಪದರದ ಮೇಲೆ ಪದರ ತೆಳ್ಳಗೆ ಸಿಂಪಡಿಸಿದ. ಕಡೆಯ ಪದರ ಬಿದ್ದಾಗ ಮೂರು ಮರಗಳೂ ಒಳಗಿನಿಂದ ದೀಪ ಹಚ್ಚಿದಂತೆ ಎದ್ದು ನಿಂತವು. ಬೇರೆ ಬೇರೆಯಾಗಿಯೇ, ಒಟ್ಟಿಗೆ. ಪೇಂಟರನಿಗೆ ಏನಾಯಿತೋ, ಜನ್ಮದಲ್ಲಿ ಹಸಿ ಬಣ್ಣ ಮುಟ್ಟದವನು, ಮುಟ್ಟಿದ ಕೆಲಸಗಾರರ ಜನ್ಮ ಜಾಲಾಡುತ್ತಿದ್ದವನು, ಮಗುವಿನ ಕೆನ್ನೆ ಸವರುವಂತೆ ಹೆಬ್ಬೆರಳು ಚಾಚಿಬಿಟ್ಟ.

"ಅಯ್ಯೋ!" ಎಂದು ಕೈ ಹಿಂದೆಳೆದುಕೊಂಡ. ಅಂಚಿನ ಹತ್ತಿರ ಹೆಬ್ಬೆರಳಿನ ಅಚ್ಚು, ಸುಳಿ ಸುಳಿಯಾಗಿ, ಸ್ಪಷ್ಟವಾಗಿ ಮೂಡಿತ್ತು. "ಎಂಥಾ ಪೆದ್ದ ನಾನು! ಒಣಗ್ಲಿ, ಉಜ್ಜಿ ಇನ್ನೊಂದು ಪದರ ಕೊಡ್ತೀನಿ. ಗುರುತೇ ಇರಲ್ಲ."

ಹುಡುಗಿ ಬಾಗಿ, ಆ ಅಚ್ಚನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದ ಕಾರಿನ ಬಾಗಿಲಿಗೆ ತೂಗುಹಾಕಿದ್ದ 'ಹಸಿ ಬಣ್ಣ, ಮುಟ್ಟಬಾರದು' ಎಂಬ ರಟ್ಟನ್ನು ಬಿಚ್ಚಿ ತಂದು, ಗಿಟಾರು ತೂಗುತ್ತಿದ್ದ ತಂತಿಗೆ ಸಿಕ್ಕಿಸಿ, ಅದರ ಮುಖವನ್ನು ಅವನ ಕಡೆಗೆ ತಿರುಗಿಸಿ ನಿಲ್ಲಿಸಿದಳು. "ಒಣಗಿದ ಮೇಲೂ ಅಷ್ಟೇ ಅಂಕಲ್."