ದಾಟಿಸಿದ ಹಂತ

ಕಾಂಕ್ರೀಟ್ ಸುರಿಯುವ ಅನುಮತಿ ಬೆಳಗಿನಿಂದ ಕಂಪ್ಯೂಟರಿನಲ್ಲಿ ಒಂದೇ ಹಂತದಲ್ಲಿ ನಿಂತಿತ್ತು. ಹಾಗೆ ನಿಂತುಹೋದ ಅನುಮತಿಗಳನ್ನು ಮತ್ತೆ ಚಾಲೂ ಮಾಡುವುದು ಕಚೇರಿಯಲ್ಲಿ ವನಮಾಲಾಳ ಕೆಲಸ. ಮೂರು ಸಲ ಕಳಿಸಿದಳು. ಮೂರು ಸಲವೂ ಅಲ್ಲೇ ನಿಂತಿತು. ಸೈಟಿನಿಂದ ಎಂಜಿನಿಯರ್ ದಿನಕರ ಮತ್ತೆ ಫೋನ್ ಮಾಡಿದ.

“ಮೇಡಂ, ಆರು ಲಾರಿ ಕಾಯ್ತಾ ಇದಾವೆ. ಮಾಲು ಗಟ್ಟಿಯಾಗಿಬಿಡುತ್ತೆ!”

“ಇರಿ ಸರ್, ಇನ್ನೊಂದ್ಸಲ ನೋಡ್ತೀನಿ.”

ತಾಳ್ಮೆಗೆಟ್ಟು ಆ ಹಂತವನ್ನೇ ದಾಟಿಸಿ ಕಳಿಸಿದಳು. ಪರದೆ ಹಸಿರಾಯಿತು.

“ಹೋಯ್ತು ಸರ್, ಸುರೀರಿ!” ಎಂದು ಕುರ್ಚಿಗೊರಗಿದಳು.

ಹತ್ತು ನಿಮಿಷದಲ್ಲಿ ಸೈಟಿನ ಸುರಕ್ಷತಾ ಮೇಲ್ವಿಚಾರಕ ಚೌಡಯ್ಯ ಏದುಸಿರು ಬಿಡುತ್ತಾ ಫೋನ್ ಮಾಡಿದ.

“ಯಾರಮ್ಮ ಅನುಮತಿ ಕೊಟ್ಟಿದ್ದು? ಅದನ್ನ ನಾನೇ ತಡೆದಿಟ್ಟಿದ್ದೆ. ಸ್ಲ್ಯಾಬ್ ಕೆಳಗೆ ಇನ್ನೂ ಇಬ್ಬರು ಆಸರೆ ಕಂಬ ನಿಲ್ಲಿಸ್ತಾ ಇದ್ರು.”