ಮೋಡ ಎಂದು ಬರೆದ ಹಾಳೆ

ನಕ್ಷತ್ರಗಳ ಬೆಳಕಿನ ಅಳತೆ ದಾಖಲಿಸಿದ್ದ ಹಳೆಯ ಹಾಳೆಯ ಮೂಲೆಯಲ್ಲಿ ತನ್ನದೇ ಕೈಬರಹದಲ್ಲಿದ್ದ ‘ಮೋಡ’ ಎಂಬ ಪದವನ್ನು ಅಕ್ಕ ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದಳು. ಎದುರಿಗೆ ವೀಕ್ಷಣಾಲಯದ ಮುಖ್ಯಸ್ಥರು ಅವಳ ತಂಗಿಯನ್ನು ಹೊಗಳುತ್ತಿದ್ದರು. ಸೂರ್ಯನಂಥದೇ ಒಂದು ದೂರದ ನಕ್ಷತ್ರದ ಬೆಳಕು ಎರಡು ಸಲ ಕೂದಲೆಳೆಯಷ್ಟು ಕುಗ್ಗಿದ್ದನ್ನು ತಂಗಿ ಹಿಡಿದಿದ್ದಳು. ಅದರ ಮುಂದೆ ಗ್ರಹವೊಂದು ಹಾದುಹೋಗುತ್ತಿರಬೇಕು.

“ಇನ್ನೊಂದು ಸಲ ಕುಗ್ಗಿದ್ದು ಸಿಕ್ಕಿದ್ರೆ ಯಾರೂ ತಕರಾರು ಎತ್ತಲ್ಲ,” ಎಂದ ಮುಖ್ಯಸ್ಥರು ಅಕ್ಕನ ಕಡೆ ತಿರುಗಿದರು. “ಲೆಕ್ಕ ಹಾಕಿದ್ರೆ ಮೂರು ವರ್ಷದ ಹಿಂದೆ ಇದೇ ತಿಂಗಳೂ ಬೆಳಕು ಕುಗ್ಗಿರ್ಬೇಕು. ಆಗ ಹಾಳೆಗಳನ್ನ ನೋಡ್ತಿದ್ದೋರು ನೀವೇ ಅಲ್ವಾ?”

ನೋಡಿದ್ದಳು. ಬೆಳಕು ಕುಗ್ಗಿದ್ದನ್ನೂ ಕಂಡಿದ್ದಳು. ತಪ್ಪಾದರೆ ನಗೆಪಾಟಲಾದೀತೆಂದು ಹೆದರಿ, ‘ಮೋಡ’ ಎಂದು ಬರೆದು ಕೈತೊಳೆದುಕೊಂಡಿದ್ದಳು. ತಾನೇ ಕೂರಿಸಿಕೊಂಡು ಕೆಲಸ ಕಲಿಸಿದ ತಂಗಿ ಈಗ ತನಗೆ ಸಿಗಬೇಕಿದ್ದ ಗ್ರಹವನ್ನೇ ಎತ್ತಿಕೊಂಡು ಹೋಗುತ್ತಿದ್ದಾಳೆ ಎನ್ನಿಸಿ ಹೊಟ್ಟೆ ಉರಿಯಿತು.

“ಆವತ್ತು ಮೋಡ ಇತ್ತು ಸರ್,” ಎಂದಳು.

“ಎಲ್ಲಿ, ಆ ಹಾಳೆ ಒಂದ್ಸಲ ಕೊಡಿ.”

“ಬೇಡ ಬಿಡಿ ಸರ್,” ಎಂದಳು ತಂಗಿ, ಮುಖ ಸಪ್ಪೆಯಾಗಿದ್ದರೂ ನಗುತ್ತ. “ನಮ್ಮಕ್ಕ ಮೋಡ ಅಂದ್ರೆ ಮೋಡಾನೇ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡೋಳು ಇವ್ಳು.”

ಅಕ್ಕನ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. ಆದರೂ ಕೈಯೆತ್ತಿ ಹಾಳೆಯನ್ನು ತಂಗಿಯತ್ತ ತಳ್ಳಿದಳು.

“ಪಕ್ಕದ ನಕ್ಷತ್ರಗಳನ್ನ ನೋಡೇ. ಒಂದೂ ಮಂಕಾಗಿಲ್ಲ. ಮೋಡ ಇದೊಂದಕ್ಕೇ ಕವಿಯುತ್ತಾ?”